ಅತ್ತೆಯ ಬಳೆ, ಮೈದುನನ ವಾಲ್ವು

‘ಹೂಂ...’

ಸ್ವಿಚ್ಚು ಟಪ್ ಎಂದ ಮೇಲೆ ಸ್ವಲ್ಪ ಹೊತ್ತು ಏನೂ ಇರುತ್ತಿರಲಿಲ್ಲ. ಆಮೇಲೆ ಮರದ ಸ್ಪೀಕರಿನ ಹೊಟ್ಟೆಯೊಳಗಿಂದ ಆ ಸದ್ದು ಮೆಲ್ಲಗೆ ಏಳುತ್ತಿತ್ತು, ಕಥೆ ಕೇಳುತ್ತಾ ಕೂತ ಮಗು ಹೂಂಗುಟ್ಟಿದ ಹಾಗೆ. ಗುಬ್ಬಿಯಲ್ಲಿ ನನ್ನ ಮೈದುನನ ಮನೆಯ ನಡುಮನೆಯಲ್ಲಿ ಬಲ್ಬಿನಂಥ ಗಾಜಿನ ವಾಲ್ವುಗಳಿರುವ ಒಂದು ಹಳೆಯ ಆಂಪ್ಲಿಫೈಯರ್ ಇದೆ. ಅದು ಬಿಸಿಯಾಗುವ ಸದ್ದು ಅದು. ತಗ್ಗಿನ ಸದ್ದು, ದಪ್ಪ ಸದ್ದು. ಅದು ಮಾತ್ರ ನನಗೆ ಕೊನೆಯವರೆಗೂ ಚೆನ್ನಾಗಿಯೇ ಕೇಳಿಸುತ್ತಿತ್ತು. ಅದು ಕೇಳಿಸುತ್ತಿದೆಯಲ್ಲ, ಮತ್ತೆಲ್ಲವೂ ಕೇಳಿಸುತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆಂಪ್ಲಿಫೈಯರ್ ನಮ್ಮ ಯಜಮಾನರದು. ಅವರು ಹೋದ ಮೇಲೆ ನಾನು ಕ್ಯಾತ್ಸಂದ್ರದಲ್ಲಿ ಮಗಳ ಮನೆಗೆ ಬಂದೆ. ಅದು ಅವರ ತಮ್ಮನ ಪಾಲಿಗೆ ಹೋಯಿತು. ಮೈದುನ ಬ್ಯಾಂಕಿನಿಂದ ರಿಟೈರ್ ಆದವನು. ಉಳಿದ ಗಂಡಸರು ವಾಕಿಂಗು, ಶುಗರ್ ಟೆಸ್ಟು ಎಂದು ಓಡಾಡುತ್ತಿದ್ದರೆ ಇವನು ಹಳೆಯ ವಾಲ್ವುಗಳನ್ನು ಹುಡುಕಿಕೊಂಡು ಓಡಾಡುತ್ತಿದ್ದ. ಅದರಲ್ಲೂ ಅವನಿಗೆ ರೆಕ್ಟಿಫೈಯರ್ ವಾಲ್ವಿನ ಹುಚ್ಚು. ಗೋಡೆಯಿಂದ ಬರುವ ಕರೆಂಟನ್ನು ನೇರ ಮಾಡಿ ಉಳಿದ ವಾಲ್ವುಗಳಿಗೆ ಕೊಡುವುದಷ್ಟೇ ಅದರ ಕೆಲಸವಂತೆ. ಹಾಡು ಅದರೊಳಗೆ ಹಾದುಹೋಗುವುದೇ ಇಲ್ಲ. ಆದರೂ ಅದನ್ನು ಬದಲಿಸಿದರೆ ಹಾಡಿನ ದನಿ ಒಂಚೂರು ಬದಲಾಗುತ್ತದೆ ಎನ್ನುತ್ತಿದ್ದ. “ಮನೇಲಿ ಅಡಿಗೆ ಮಾಡೋರು ಬೇರೆ, ನೀರು ಸೇದೋರು ಬೇರೆ. ಆದ್ರೂ ಸಾರಿನ ರುಚಿ ನೀರಿನ ಮೇಲೆ ಅಲ್ವೇ ಅತ್ಗೆ?” ಎಂದು ನನಗೆ ಪಾಠ ಹೇಳಿದ್ದ.

ಅವನ ಹತ್ತಿರ ಮೂರು ಇದ್ದವು. ಆಂಪ್ಲಿಫೈಯರಿನ ಜೊತೆಗೇ ಬಂದದ್ದು ‘ಅಜ್ಜ’. ಗಾಜಿನ ತಲೆ ಕಪ್ಪಗಾಗಿತ್ತು. ಮುಚ್ಚಿಹೋದ ಟೂರಿಂಗ್ ಟಾಕೀಸಿನವರಿಂದ ಸಿಕ್ಕಿದ್ದು ‘ಬುಡ್ಡಿ’, ಹಳೆಯ ದೀಪದ ಬುಡ್ಡಿಯ ಹಾಗೆ ಭುಜ ಇರುವಂಥದ್ದು. ಬೆಂಗಳೂರಿನ ಹಳೇ ಸಾಮಾನಿನ ಬಜಾರಿನಲ್ಲಿ ಆಯ್ದು ತಂದದ್ದು ‘ಗುಂಡ’, ಕುಳ್ಳಗೆ ದಪ್ಪಗೆ. ಮೂರನ್ನೂ ಒಂದಾದಮೇಲೊಂದು ಹಾಕಿ ಒಂದೇ ಹಾಡನ್ನು ಕೇಳುವುದು, ಯಾವುದು ಒಳ್ಳೆಯದು ಎಂದು ತೀರ್ಮಾನ ಮಾಡುವುದು. ತೀರ್ಮಾನ ನನ್ನದು. ಯಾಕೆಂದರೆ ಆ ಮನೆಯಲ್ಲಿ ಕಿವಿ ಎಂದರೆ ನನ್ನ ಕಿವಿ.

ಇದಕ್ಕೆ ಕಾರಣ ನಮ್ಮ ಅತ್ತೆ. ನಾನು ತುಮಕೂರಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರೊಬ್ಬರು ಪಿಯಾನೋ ಕಲಿಸುತ್ತಿದ್ದರು. ನಮ್ಮನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಹಿಂದಿನಿಂದ ಒಂದೊಂದು ನೋಟ್ ಒತ್ತಿ “ವಿಚ್ ಒನ್?” ಎನ್ನುತ್ತಿದ್ದರು. ನಾನು ತಪ್ಪುತ್ತಿರಲಿಲ್ಲ. ಮದುವೆಯಾಗಿ ಗುಬ್ಬಿಗೆ ಬಂದ ಹೊಸತು, ಮನೆಯಲ್ಲಿ ಭಜನೆ ಇತ್ತು. ಹಾರ್ಮೋನಿಯಂನ ಒಂದು ಮನೆಯ ಸ್ವರ ತಗ್ಗಿದೆ, ಫ್ಲಾಟ್ ಇದೆ ಎಂದು ನಾನು ಯಜಮಾನರ ಕಿವಿಯಲ್ಲಿ ಪಿಸುಗುಟ್ಟಿದ್ದನ್ನು ಅತ್ತೆ ಕೇಳಿಸಿಕೊಂಡರು. ಬಿಡಲಿಲ್ಲ, ಅಲ್ಲೇ ಪೆಟ್ಟಿಗೆ ಬಿಚ್ಚಿಸಿದರು. ಒಳಗೆ ಅದೇ ಮನೆಯ ರೀಡಿಗೆ ಸತ್ತ ಹುಳು ಅಂಟಿಕೊಂಡಿತ್ತು. ಅಂದಿನಿಂದ ಬಂದವರಿಗೆಲ್ಲ, “ನಮ್ ಸೊಸೆದು ಕಾನ್ವೆಂಟ್ ಕಿವಿ ಕಣ್ರವ್ವ, ಸುಳ್ಳು ಸ್ವರ ಅವ್ಳ್ ಮುಂದೆ ನಡೆಯಾಕಿಲ್ಲ” ಎಂದು ಹೇಳಿದ್ದೇ ಹೇಳಿದ್ದು. ರೊಟ್ಟಿ ತಟ್ಟಲು ಬಾರದ ಸೊಸೆಗೆ ಅವರು ಕೊಟ್ಟ ಮರ್ಯಾದೆ ಅದು. ಅದೊಂದನ್ನೇ ಹೊದ್ದುಕೊಂಡು ಆ ಮನೆಯಲ್ಲಿ ನಾನು ಬಾಳಿದೆ.

ಅತ್ತೆಯ ದನಿಯ ಒಂದು ಕ್ಯಾಸೆಟ್ ನಮ್ಮಲ್ಲಿದೆ. ಅವರೆಕಾಯಿ ಕಾಲದ ಒಂದು ಮಧ್ಯಾಹ್ನ, ಮುಂದೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಾ ಅತ್ತೆ ತಮ್ಮಷ್ಟಕ್ಕೆ ವಚನ ಹಾಡಿಕೊಳ್ಳುತ್ತಿದ್ದಾಗ ಯಜಮಾನರು ಕಂಬದ ಹಿಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಅತ್ತೆಯದು ಗಂಡಸಿನಂಥ ತಗ್ಗಿನ ದನಿ. ಮಧ್ಯೆ ಮಧ್ಯೆ ಕಾಳು ಮೊರಕ್ಕೆ ಬೀಳುವ ಸದ್ದು. ಕೈ ಆಡಿದಂತೆಲ್ಲ ಗಾಜಿನ ಬಳೆಯ ಕಿಣಿಕಿಣಿ.

ಅತ್ತೆಯ ಮಗಳು, ನನ್ನ ನಾದಿನಿ, ಕುಣಿಗಲ್ ಕಡೆ ಕೊತ್ತಗೆರೆಗೆ ಮದುವೆಯಾಗಿ ಹೋದವಳು. ಯಜಮಾನರಿಗೆ ತಂಗಿ, ಮೈದುನನಿಗೆ ಅಕ್ಕ. ಹೋದ ವರ್ಷ ಅವಳಿಗೆ ಹೃದಯದ ತೊಂದರೆ ಜಾಸ್ತಿಯಾಯಿತು. ಆಪರೇಷನ್ ಬೇಡ, ಮಾತ್ರೆಯಲ್ಲೇ ಎಷ್ಟು ದಿನ ನಡೆಯುತ್ತೋ ನಡೆಯಲಿ ಎಂದು ಡಾಕ್ಟರೇ ಹೇಳಿಬಿಟ್ಟಿದ್ದರು. ಅವಳು ಫೋನಿನಲ್ಲಿ ತಮ್ಮನಿಗೆ, “ಈ ಸಲ ಅವ್ವನ್ ಸ್ಮರಣೆಗೆ ಬತ್ತೀನಿ ಕಣೋ. ಆ ಟೇಪ್ ಹಾಕು. ಒಂದ್ ಕಿತ ಅವ್ವನ್ ದನಿ ಕೇಳ್ಬುಟ್ರೆ ಸಾಕು” ಎಂದಿದ್ದಳು. ಮೈದುನ ಅದನ್ನು ವ್ರತದ ಹಾಗೆ ಹಿಡಿದುಬಿಟ್ಟ. ಅವ್ವ ಎದುರಿಗೆ ಕೂತು ಹಾಡಿದ ಹಾಗಿರಬೇಕು. ಮೂರರಲ್ಲಿ ಯಾವ ವಾಲ್ವು ಎಂದು ಅತ್ತಿಗೆ ಹೇಳಬೇಕು.

ನಾನು ಕ್ಯಾತ್ಸಂದ್ರದಲ್ಲಿ ಪ್ಯಾಸೆಂಜರ್ ಹತ್ತಿ ಗುಬ್ಬಿಗೆ ಹೋಗತೊಡಗಿದೆ. ಆದರೆ ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು.

ಗೊತ್ತಾದದ್ದು ಹೀಗೆ. ಮಗಳು ಬಲವಂತ ಮಾಡಿ ತುಮಕೂರಿನಲ್ಲಿ ಕಿವಿಯ ಟೆಸ್ಟಿಗೆ ಕಳಿಸಿದ್ದಳು. ಪುಟ್ಟ ರೂಮು, ತಲೆಗೆ ಹೆಡ್‌ಫೋನು, ಕೈಯಲ್ಲೊಂದು ಗುಂಡಿ. ಸೌಂಡ್ ಕೇಳಿದಾಗ ಒತ್ತಬೇಕು. ಕಾನ್ವೆಂಟಿನ ಹುಡುಗಿ ನಾನು, ಪರೀಕ್ಷೆ ಎಂದರೆ ಫೇಲಾಗುವವಳಲ್ಲ, ಒತ್ತಿದ್ದೇ ಒತ್ತಿದ್ದು. ಗಾಜಿನಾಚೆ ಕೂತಿದ್ದ ಹುಡುಗಿ ಬಾಗಿಲು ತೆಗೆದು ಬಂದು ಮೆತ್ತಗೆ ಹೇಳಿದಳು: “ಆಂಟಿ, ಕೇಳಿಸಿದಾಗ ಮಾತ್ರ ಪ್ರೆಸ್ ಮಾಡಿ. ನಾನಿನ್ನೂ ಸೌಂಡೇ ಕೊಟ್ಟಿಲ್ಲ.”

ಆ ಹುಡುಗಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಸಣ್ಣ ಸದ್ದು, ಏರು ಸದ್ದು ಯಾವುದೂ ನನಗೆ ಮುಟ್ಟುತ್ತಿಲ್ಲವಂತೆ. “ತಗ್ಗಿನ ದನಿಗಳು ಪರವಾಗಿಲ್ಲ ಆಂಟಿ, ಹೈ ಫ್ರೀಕ್ವೆನ್ಸಿ ಹೋಗಿದೆ, ವಯಸ್ಸಿಗೆ ಕಾಮನ್” ಎಂದಳು. ಒಂದು ಹಿಯರಿಂಗ್ ಏಡ್ ಕೊಟ್ಟರು. ಹಾಕಿಕೊಂಡರೆ ಬೀದಿಯ ಸದ್ದೆಲ್ಲ ತಗಡಿನ ಮೇಲೆ ಬಿದ್ದ ಹಾಗೆ. ಅದನ್ನು ಡಬ್ಬಿಯ ಸಮೇತ ವ್ಯಾನಿಟಿ ಬ್ಯಾಗಿನಲ್ಲಿ ಕರ್ಚೀಫಿನ ಕೆಳಗೆ ಇಟ್ಟೆ. ಗುಬ್ಬಿಯಲ್ಲಿ ಹೇಳಲಿಲ್ಲ. ಹೇಗೆ ಹೇಳಲಿ? ಕಣ್ಣು ಹೋಯಿತು ಎನ್ನಬಹುದು, ಮಂಡಿ ಹೋಯಿತು ಎನ್ನಬಹುದು. ಆ ಮನೆಯಲ್ಲಿ ನನ್ನ ಕಿವಿ ಹೋಯಿತು ಎಂದರೆ ನಾನೇ ಹೋದ ಹಾಗಲ್ಲವೇ.

ಹೀಗೆ ಆ ನಡುಮನೆಯಲ್ಲಿ, ಯಜಮಾನರ ಬೆತ್ತದ ಕುರ್ಚಿಯಲ್ಲಿ ನಾನು ತೀರ್ಪು ಕೊಡಲು ಕೂತೆ.

ವಾಲ್ವು ಬದಲಿಸುವುದು ಚಿಟಿಕೆಯಲ್ಲಿ ಆಗುವ ಕೆಲಸವಲ್ಲ. ಸ್ವಿಚ್ಚು ಆರಿಸಬೇಕು, ಒಳಗೆ ನಿಂತ ಕರೆಂಟು ಇಳಿಯಲಿ ಎಂದು ಕಾಯಬೇಕು. ವಾಲ್ವು ಕೆಂಡದಂತಿರುತ್ತದೆ, ಮೈದುನ ಅದನ್ನು ಹೆಂಡತಿಯ ಮಸಿಬಟ್ಟೆಯಲ್ಲಿ ಹಿಡಿದು ಅಲ್ಲಾಡಿಸಿ ಕೀಳುತ್ತಿದ್ದ. ಹೊಸದನ್ನು ಕೂರಿಸಿ ಮತ್ತೆ ಸ್ವಿಚ್ಚು ಹಾಕಿ, ಅದು ಹೂಂ ಎನ್ನುವವರೆಗೆ ಮತ್ತೆ ಕಾಯಬೇಕು. ಅಷ್ಟರಲ್ಲಿ ಹಿಂದಿನ ದನಿ ಹೇಗಿತ್ತು ಎನ್ನುವುದು ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಅವನಿಗೆ ನಾನು ಬೇಕಿತ್ತು.

“ಅತ್ಗೆ, ಈಗ ಹೇಳಿ. ಬುಡ್ಡಿನೋ, ಗುಂಡನೋ?”

ನಾನು ಕಣ್ಣು ಅರೆ ಮುಚ್ಚಿ, ರೆಪ್ಪೆಯ ಸಂದಿಯಿಂದ ಅವನ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದೆ. ಹಾಡು ಹಿಡಿಸಿದರೆ ಅದು ಕುಣಿಯುತ್ತಿತ್ತು. ಆಗ ಕುಣಿಯುತ್ತಿತ್ತು.

“ಬುಡ್ಡಿ ಸಾಫ್ಟ್ ಆಯ್ತು ಕಣಪ್ಪ. ಇದು... ಇದು ಓಪನ್ ಆಗಿದೆ.”

“ಓಪನ್! ಕೇಳುಸ್ಕೊಂಡೇನೇ? ಓಪನ್ ಅಂತೆ! ಆ ಪದಕ್ಕೇ ನಾನು ಒದ್ದಾಡ್ತಾ ಇದ್ದಿದ್ದು.”

ಒಳಗಿಂದ ನನ್ನ ಓರಗಿತ್ತಿಯ ದನಿ: “ಓಪನ್ನೋ ಕ್ಲೋಸೋ, ನನ್ ಮಸಿಬಟ್ಟೆ ಕೊಡ್ರೀ ಮೊದ್ಲು. ಹಾಲು ಉಕ್ತಾ ಐತೆ, ಸೆರಗಲ್ಲಿ ಇಳಿಸ್ಲಾ?”

“ಕಲೆ ಗೊತ್ತಿಲ್ದೋರ ಮನೇಲಿ ಇದೇ ಗೋಳು ನೋಡಿ ಅತ್ಗೆ.”

“ನಿಮ್ ಕಲೆನೆಲ್ಲ ನನ್ ಬಟ್ಟೆ ಮೇಲೇ ಐತಲ್ಲ, ನೋಡ್ಕಳಿ, ಸುಟ್ ಕಲೆ!”

ಎಲ್ಲರೂ ನಕ್ಕೆವು. ನಗುವಾಗ ನಾನು ಎಲ್ಲರಂತೆಯೇ ಇರುತ್ತಿದ್ದೆ.

ಬಳೆಯ ಮಾತು ಎತ್ತಿದ್ದು ನಾನೇ. ಆ ಟೇಪಿನಲ್ಲಿ ಬಳೆಯ ಸದ್ದಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿತ್ತು; ಈಗ ಅದೆಲ್ಲೂ ಇರಲಿಲ್ಲ. ನನ್ನ ಕಿವಿಗೆ ಇಲ್ಲ ಎಂದು ಒಳಮನಸ್ಸಿಗೆ ಗೊತ್ತು. ಆದರೆ ಬಾಯಿ ಬೇರೆಯೇ ಹೇಳಿತು: “ದನಿ ಸರಿ ಕಣಪ್ಪ. ಬಳೆ ಬರ್ತಾ ಇಲ್ಲ.”

ಮೈದುನ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿದ. ತಲೆ ವಾರೆ ಮಾಡಿ ಆಲಿಸಿದ. ನನ್ನ ಮುಖ ನೋಡಿದ. “ಹಂಗಂತೀರಾ?” ಎಂದ. ಆಮೇಲೆ ಏರು ಸದ್ದನ್ನು ಹೆಚ್ಚಿಸುವ ಟ್ರೆಬಲ್‌ನ ಗುಬುಟನ್ನು ಒಂಚೂರು ತಿರುಗಿಸಿದ. “ಈಗ?”

“ಇನ್ನೂ ಇಲ್ಲ.”

ವಾಲ್ವು ಬದಲಾಯಿತು. ಬಳೆ ಬರಲಿಲ್ಲ. ಗುಬುಟು ಇನ್ನಷ್ಟು ತಿರುಗಿತು. ಗುಂಡ ಹೋಗಿ ಬುಡ್ಡಿ ಬಂತು, ಬುಡ್ಡಿ ಹೋಗಿ ಅಜ್ಜ ಬಂತು. “ಅಜ್ಜ ಮಂಕು, ಮುಸುಕು ಹೊದ್ಕೊಂಡ ಹಾಗಿದೆ” ಎಂದು ನಾನೇ ಅದನ್ನು ಹತ್ತಿ ಸುತ್ತಿಸಿ ಡಬ್ಬಿಗೆ ಹಾಕಿಸಿದೆ. ಕೊನೆಗೊಂದು ದಿನ ಗುಂಡ ಕೂತಿದ್ದಾಗ, ಗುಬುಟು ಇನ್ನು ತಿರುಗಲಾರೆ ಎಂಬಲ್ಲಿಗೆ ಬಂದು ನಿಂತಾಗ, ದೂರದಲ್ಲಿ ಎಲ್ಲೋ ‘ಕಿಣಿ’ ಎಂದ ಹಾಗಾಯಿತು.

“ಬಂತು!” ಎಂದು ಚಪ್ಪಾಳೆ ಹೊಡೆದೆ. ಸುಳ್ಳಲ್ಲ, ನಿಜವಾಗಿ ಕೇಳಿಸಿತ್ತು. ಅತ್ತೆಯೇ ಮೊರ ಹಿಡಿದು ಬಂದು ಕೂತಷ್ಟು ಸಂತೋಷವಾಯಿತು. ಓರಗಿತ್ತಿ ಅಡಿಗೆಮನೆಯ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡದ್ದನ್ನು ನೋಡಿದೆ. ಒಗ್ಗರಣೆ ಘಾಟು ಹೊರಗೆ ಬಾರದಿರಲಿ ಎಂದಿರಬೇಕು ಅಂದುಕೊಂಡೆ.

ಸ್ಮರಣೆಯ ದಿನ ಅಯ್ನೋರು ಬಂದು ಪೂಜೆ ಮುಗಿಸಿ ಪ್ರಸಾದಕ್ಕೆ ಕೂತೆದ್ದರು. ನಾದಿನಿ ಬೆಳಗಿನ ಬಸ್ಸಿಗೇ ಮೊಮ್ಮಗಳ ಜೊತೆ ಬಂದಿದ್ದಳು. ಕಾಲು ಊದಿಕೊಂಡಿದ್ದವು. ಸ್ಪೀಕರಿನ ಎದುರಿಗೇ ಚಾಪೆ ಹಾಕಿಸಿಕೊಂಡು, ಸೆರಗು ಸರಿಮಾಡಿಕೊಂಡು, ಯಾರೋ ದೊಡ್ಡವರು ಬರುತ್ತಾರೆ ಎಂಬಂತೆ ಕೂತಳು.

ಮೈದುನ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: “ಇದು ನಮ್ ಅತ್ಗೆ ಟ್ಯೂನ್ ಮಾಡಿರೋದು. ಎಲ್ಲ ಅವ್ರದ್ದೇ ಸೆಲೆಕ್ಷನ್. ನಂದು ಬರೀ ಸ್ಕ್ರೂಡ್ರೈವರ್.”

ನಾನು ನಾಚಿದವಳ ಹಾಗೆ ತಲೆ ತಗ್ಗಿಸಿದೆ. ನಿಜವಾಗಿ ನಾಚಬೇಕಾದ್ದು ಇನ್ನೂ ಬರಬೇಕಿತ್ತು.

ಟೇಪು ಓಡಿತು. ಬಾಗಿಲ ಬಳಿ ಮಲಗಿದ್ದ ಬೀದಿ ನಾಯಿ ಧಡಕ್ಕನೆ ಎದ್ದು ಕಿವಿ ಮಡಿಸಿಕೊಂಡು ಆಚೆಗೆ ಹೋಯಿತು. ಅಯ್ನೋರು ಪೇಟ ಸರಿಮಾಡಿಕೊಳ್ಳುವ ನೆವದಲ್ಲಿ ಎರಡೂ ಕಿವಿಗಳನ್ನು ಒಳಗೆ ಸೇರಿಸಿಕೊಂಡರು. ಮೊಮ್ಮಗಳು ಹಲ್ಲು ಕಚ್ಚಿ ಭುಜ ಕುಗ್ಗಿಸಿದಳು. ನನಗೋ, ಎಲ್ಲವೂ ಚೆಂದವಾಗಿ ಕೇಳುತ್ತಿತ್ತು. ಸುತ್ತಲಿನ ಮುಖಗಳನ್ನು ನೋಡಿದ ಮೇಲೆಯೇ ಏನೋ ಆಗಿದೆ ಎಂದು ಗೊತ್ತಾಯಿತು.

ನಾದಿನಿ ಕಣ್ಣುಮುಚ್ಚಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಸ್ಪೀಕರನ್ನು ನೋಡಿದಳು, ತಮ್ಮನನ್ನು ನೋಡಿದಳು.

“ಬಳೆ ಕೇಳ್ತದೆ ಕಣೋ. ಮೊರ ಕೇಳ್ತದೆ. ಅವ್ವ ಎಲ್ಲವ್ಳೆ?”

ಅವಳು ಇನ್ನೊಂದು ಸಲ, ನಿಜಕ್ಕೂ ಗೊತ್ತಿಲ್ಲದೆ ಕೇಳುವವಳಂತೆ, “ಯಾರೋ ಸಣ್ಣ ಹುಡ್ಗಿ ಕಿರುಚ್ದಂಗೆ ಐತಲ್ಲೋ. ಟೇಪ್ ಕೆಟ್ಟೋಗೈತಾ?” ಎಂದಳು.

“ಇಲ್ಲಕ್ಕ, ಇದೇ ಕರೆಕ್ಟು. ಅತ್ಗೆ ಕೇಳೇ ಹಾಕ್ಸಿರೋದು” ಎಂದ ಮೈದುನ. ಅವನ ದನಿಯಲ್ಲಿ ಇನ್ನೂ ನಂಬಿಕೆಯೇ ಇತ್ತು. ನಾದಿನಿ ನನ್ನ ಕಡೆ ತಿರುಗಿ, “ಹಂಗಾ? ಅತ್ಗೆ ಹೇಳಿದ್ಮೇಲೆ ಸರಿನೇ ಇರ್ಬೇಕು ಬುಡು. ನಂಗೇ ಅವ್ವನ್ ದನಿ ಮರ್ತೋಗದೆ” ಎಂದಳು. ಬಂದ ಕಣ್ಣೀರನ್ನು ಸೆರಗಿನಲ್ಲಿ ಒತ್ತಿಕೊಂಡಳು.

ಅದಕ್ಕಿಂತ ಅವಳು ನನ್ನನ್ನು ಬೈದಿದ್ದರೆ ಆಗುತ್ತಿತ್ತು. ಸ್ವಂತ ತಾಯಿಯ ದನಿಯನ್ನು, ನನ್ನ ಕಿವಿಯ ಹೆಸರಿನಲ್ಲಿ, ಅವಳು ಬಿಟ್ಟುಕೊಡುತ್ತಿದ್ದಳು. ನಾನು ಎದ್ದು ಅಡಿಗೆಮನೆಗೆ ಹೋದೆ. ಓರಗಿತ್ತಿ ಪಾತ್ರೆ ಎತ್ತಿಡುತ್ತಿದ್ದಳು. ನನ್ನ ಕಡೆ ನೋಡದೆಯೇ, ನನಗೆ ಕೇಳುವಷ್ಟು ಜೋರಾಗಿ ಹೇಳಿದಳು:

“ಅಕ್ಕ, ಕುಕ್ಕರ್ ನಿಮ್ ತಲೆ ಮೇಲೇ ಕೂಗಿದ್ರೂ ನೀವು ತಿರುಗಿ ನೋಡಾಕಿಲ್ಲ. ನಂಗೆ ಯಾವತ್ತೋ ಗೊತ್ತಾಯ್ತು.”

“ಯಾಕೆ ಹೇಳ್ಲಿಲ್ಲ ನೀನು?”

“ಹೆಂಗ್ ಹೇಳ್ಲಿ ಅಕ್ಕ? ಅವ್ರು ನಿಮ್ಮನ್ನ ದೇವ್ರ್ ಥರ ಮುಂದೆ ಕೂರ್ಸ್ಕೊಂಡವ್ರೆ. ಬಾಗ್ಲು ಹಾಕ್ಕೊಂಡೆ, ಅಷ್ಟೇಯ.”

ನೆಂಟರೆಲ್ಲ ಹೋದ ಮೇಲೆ ಮೈದುನ ವೈರು ಸುತ್ತುತ್ತಿದ್ದ. ನಾನು ಬ್ಯಾಗಿನಿಂದ ಡಬ್ಬಿ ತೆಗೆದು ಆಂಪ್ಲಿಫೈಯರಿನ ಮೇಲೆ ಇಟ್ಟೆ. ಅದನ್ನು ತೆರೆದು ನೋಡಿದ. ಹಿಯರಿಂಗ್ ಏಡನ್ನು ಯಾವುದೋ ಅಪರೂಪದ ವಾಲ್ವನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದ.

“ನಂಗೂ ಕಿರ್‍ರ್ ಅಂತಿತ್ತು ಅತ್ಗೆ,” ಎಂದ ಕೊನೆಗೆ. “ಆದ್ರೆ ನೀವು ಸರಿ ಇದೆ ಅಂದ್ರಲ್ಲ. ನನ್ ಕಿವೀನೇ ಕೆಟ್ಟಿದೆ ಅಂದ್ಕೊಂಡೆ. ಹೆಂಡ್ತಿಗೂ ಹೇಳಿರ್ಲಿಲ್ಲ. ಡಾಕ್ಟರ್ ಹತ್ರ ಹೋಗ್ಬೇಕು ಅಂತಿದ್ದೆ.”

ಟೇಪು ಹಾಕಿದಾಗಲೆಲ್ಲ ಅವನು ನನ್ನ ಮುಖ ನೋಡುತ್ತಿದ್ದ, ನಾನು ಅವನ ಹೆಬ್ಬೆರಳು ನೋಡುತ್ತಿದ್ದೆ. ಅಷ್ಟು ಮಧ್ಯಾಹ್ನಗಳೂ ಟೇಪಿನಲ್ಲಿ ಅತ್ತೆ ಪಾಪ ಕೇಳುವವರಿಲ್ಲದೆ ತಮ್ಮಷ್ಟಕ್ಕೆ ಹಾಡಿಕೊಂಡಿದ್ದರು. ಆ ಸಂಜೆ ನಾನು ಅವನಿಗೆ ಒಂದೇ ಒಂದು ಮಾತು ಹೇಳಿದೆ. ಆಂಪ್ಲಿಫೈಯರನ್ನು ಕೊತ್ತಗೆರೆಗೆ ತೆಗೆದುಕೊಂಡು ಹೋಗೋಣ. ಈ ಸಲ ಅವಳು ಹೇಳಲಿ.

ಕೆಲವು ದಿನ ಬಿಟ್ಟು ಅವನ ಕಾರಿನಲ್ಲಿ ಹೋದೆವು. ಹಿಂದಿನ ಸೀಟಿನಲ್ಲಿ ಹಾಸಿಗೆ ಸುತ್ತಿ ಆಂಪ್ಲಿಫೈಯರು. ವಾಲ್ವಿನ ಡಬ್ಬಿಗಳು ನನ್ನ ಮಡಿಲಲ್ಲಿ. ನನ್ನನ್ನು ಕ್ಯಾತ್ಸಂದ್ರದಲ್ಲಿ ಹತ್ತಿಸಿಕೊಂಡಾಗಿನಿಂದ ಕುಣಿಗಲ್ ಕೆರೆ ಕಾಣುವವರೆಗೆ ಇಬ್ಬರೂ ಮಾತಾಡಲಿಲ್ಲ. ಕೆರೆ ಕಂಡಾಗ ಅವನು, “ಅತ್ಗೆ, ಗುಂಡನ್ನ ಗಟ್ಟಿಯಾಗಿ ಹಿಡ್ಕೊಳಿ, ಮುಂದೆ ಹಂಪ್ ಅವೆ” ಎಂದ. ಅಷ್ಟರಿಂದಲೇ ನನಗೆ ಅಳು ಬಂತು.

ನಾದಿನಿ ಮಂಚದ ಮೇಲೆ ದಿಂಬಿಗೊರಗಿ ಕೂತಳು. ಮೈದುನ ಟ್ರೆಬಲ್ ಗುಬುಟನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಮೊದಲಿನ ಜಾಗಕ್ಕೆ ತಂದ. ಗುಂಡನನ್ನು ಹಾಕಿದ. ಅವಳು ತಲೆಯಾಡಿಸಿದಳು: “ಅವ್ವ ನೆಂಟ್ರ ಮನೇಲಿ ಹಾಡ್ದಂಗದೆ.” ಬುಡ್ಡಿಯನ್ನು ಹಾಕಿದ. “ಹತ್ರ ಬಂದ್ಲು. ಆದ್ರೆ ಜ್ವರ ಬಂದಂಗದೆ ಕಣೋ.” ಅವನು ನಕ್ಕ. ನಾನು ಡಬ್ಬಿಯಿಂದ ಅಜ್ಜನನ್ನು ತೆಗೆದು, ಸುತ್ತಿದ್ದ ಹತ್ತಿಯನ್ನು ಬಿಡಿಸಿ ಅವನ ಕೈಗೆ ಕೊಟ್ಟೆ.

ಹೂಂ ಎಂದಿತು. ಟೇಪು ಓಡಿತು. ನಾದಿನಿಯ ಬೆರಳುಗಳು ಸೀರೆಯ ಮೇಲೆ ತಾವಾಗಿ ಅವರೆಕಾಯಿ ಸುಲಿಯತೊಡಗಿದವು. ಆಮೇಲೆ ಅತ್ತೆಯ ದನಿಯ ಕೆಳಗೆ ಅವಳ ದನಿ ಸೇರಿತು, ಅದೇ ತಗ್ಗು, ಅದೇ ಭಾರ. ಬಳೆ ನನಗೆ ಕೇಳಿಸಲಿಲ್ಲ. ಆ ಎರಡು ದನಿಗಳು ಮಾತ್ರ ಕೇಳಿಸಿದವು. ಯಾವುದು ಯಾರದು ಎಂದು ಕಾನ್ವೆಂಟಿನ ಸಿಸ್ಟರ್ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

“ಈಗ ಬಂದ್ಲು” ಎಂದಳು ಟೇಪು ಮುಗಿದಾಗ. ನನ್ನನ್ನು ನೋಡಿ, “ನಿಮ್ಗೆ ಕೇಳಿಸ್ತಾ ಅತ್ಗೆ, ಬಳೆ?” ಎಂದಳು.

“ಇಲ್ಲ ಕಣಮ್ಮ,” ಎಂದೆ. “ನಂಗೆ ಕೇಳಲ್ಲ.”

ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿ ನನ್ನನ್ನು ಮಂಚದ ಮೇಲೆ ಕೂರಿಸಿಕೊಂಡಳು. ಗುಬ್ಬಿಯ ದಿನದ ಮಾತು ಇಬ್ಬರೂ ಎತ್ತಲಿಲ್ಲ.

ಮುಂದಿನ ಅವರೆಕಾಯಿ ಕಾಲ ಬರುವ ಮೊದಲೇ ಅವಳು ಹೋಗಿಬಿಟ್ಟಳು. ಸುದ್ದಿ ಬಂದಾಗ ನನಗೆ ನೆನಪಾದದ್ದು ಮಂಚದ ಮೇಲೆ ಹಾಡಿದ ಅವಳಲ್ಲ. ಆ ದಿನ ನಾವು ಹೊರಟ ಗಳಿಗೆಯ ಅವಳು. ಬೇಡ ಎಂದರೂ ಮೊಮ್ಮಗಳ ಭುಜ ಹಿಡಿದುಕೊಂಡು ಗೇಟಿನವರೆಗೂ ಬಂದಿದ್ದಳು. ಕಾರು ಸ್ಟಾರ್ಟ್ ಆಗಿತ್ತು. ಹಿಯರಿಂಗ್ ಏಡ್ ಬ್ಯಾಗಿನಲ್ಲಿ, ಕರ್ಚೀಫಿನ ಕೆಳಗೆ ಇತ್ತು. ಅವಳು ಗೇಟಿನ ಕಂಬಿಯ ಮೇಲೆ ಬಾಗಿ ನನ್ನನ್ನೇ ನೋಡುತ್ತಾ ಏನೋ ಕೇಳಿದಳು. ತುಟಿ ಆಡಿತು, ಕೊನೆಯಲ್ಲಿ ಹುಬ್ಬು ಏರಿತು, ಉತ್ತರಕ್ಕೆ ಕಾಯುವವರ ಹಾಗೆ. ‘ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು’ ಎನ್ನಬಹುದಿತ್ತು. ನಾನು ನಕ್ಕು, ತಲೆಯಾಡಿಸಿ, “ಹೂಂ” ಎಂದೆ. ಅವಳ ಮುಖ ಅರಳಿತು. ಕಾರು ತಿರುಗುವವರೆಗೂ ಕೈ ಎತ್ತಿಕೊಂಡೇ ನಿಂತಿದ್ದಳು.